ವಿದ್ಯುತ್ ಉತ್ಪಾದನೆಯ ಆಯ್ಕೆಗಳು: ತರಗತಿಯ ಅಣಕು ಆಟಗಳು

ಕಲ್ಲಿದ್ದಲು, ನೀರು, ಅನಿಲ, ಪರಮಾಣು, ಗಾಳಿ, ಬಿಸಿಲು – ಇವುಗಳಲ್ಲಿ ಯಾವುದರಿಂದ, ಎಷ್ಟು, ದಿನದ ಯಾವ ಹೊತ್ತಿನಲ್ಲಿ ವಿದ್ಯುತ್ ಉತ್ಪಾದಿಸಬೇಕು ಎಂಬ ತೀರ್ಮಾನವನ್ನು ವಿದ್ಯಾರ್ಥಿಗಳ ಕೈಗೇ ಕೊಟ್ಟು, ಅದರ ಖರ್ಚು, ಹೊಗೆ ಮತ್ತು ಕತ್ತಲೆಯ ಲೆಕ್ಕವನ್ನು ಅವರಿಂದಲೇ ಹಾಕಿಸುವ ಬೋಧನಾ ವಿಧಾನ. ಅಣಕು ಸಂಸತ್ತು ನಡೆಸಿ ರೂಢಿಯಿರುವ ನಮ್ಮ ಶಾಲೆಗಳಿಗೆ ಇದರ ಸ್ವರೂಪ ಹೊಸದೇನಲ್ಲ. ತರಗತಿಯನ್ನು ಕೆಲವು ತಂಡಗಳಾಗಿ ವಿಂಗಡಿಸಲಾಗುತ್ತದೆ. ಪ್ರತಿ ತಂಡಕ್ಕೂ ಕೆಲವು ವಿದ್ಯುತ್ ಸ್ಥಾವರಗಳು, ಒಂದಿಷ್ಟು ಹಣ, ಪೂರೈಸಲೇಬೇಕಾದ ಬೇಡಿಕೆ ಸಿಗುತ್ತದೆ. ಶಿಕ್ಷಕರು ಗಡಿಯಾರ ಹಿಡಿದು ಹೊತ್ತನ್ನು ಮುಂದಕ್ಕೆ ಸರಿಸುತ್ತಾರೆ. ಪಠ್ಯಪುಸ್ತಕ ಪ್ರತಿಯೊಂದು ಆಕರದ ಅನುಕೂಲ, ಅನನುಕೂಲಗಳನ್ನು ಬೇರೆಬೇರೆಯಾಗಿ ಪಟ್ಟಿ ಮಾಡುತ್ತದೆ. ಆಟಕ್ಕೆ ಇಳಿದ ಕೂಡಲೇ ಆ ಪಟ್ಟಿಗಳು ಒಂದಕ್ಕೊಂದು ಎದುರಾಗುತ್ತವೆ: ಅಗ್ಗದ್ದು ಬೇಕಾದಾಗ ಸಿಗುವುದಿಲ್ಲ, ಬೇಕಾದಾಗ ಸಿಗುವುದು ಅಗ್ಗವಲ್ಲ, ಎರಡೂ ಆಗಿರುವುದಕ್ಕೆ ಇನ್ನೆಲ್ಲೋ ಯಾರೋ ಬೆಲೆ ತೆತ್ತಿರುತ್ತಾರೆ.

ಎನ್‌ಸಿಇಆರ್‌ಟಿಯ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿದ್ದ ‘ಶಕ್ತಿಯ ಆಕರಗಳು’ ಎಂಬ ಅಧ್ಯಾಯವನ್ನು ಪಠ್ಯದ ಹೊರೆ ಇಳಿಸುವ ಹೆಸರಿನಲ್ಲಿ ಕೈಬಿಡಲಾಗಿದೆ. 2023ರ ಪರಿಷ್ಕೃತ ಮುದ್ರಣದಲ್ಲಿ ಅದಿಲ್ಲ. ಪರಿಸರ ಶಿಕ್ಷಣವನ್ನು ಎಲ್ಲ ಹಂತಗಳಲ್ಲೂ ಕಡ್ಡಾಯ ಮಾಡಬೇಕೆಂದು ಸುಪ್ರೀಂ ಕೋರ್ಟ್ ಎಂ. ಸಿ. ಮೆಹ್ತಾ ಪ್ರಕರಣದಲ್ಲಿ 1991ರಲ್ಲೇ ಹೇಳಿದ್ದ ದೇಶದಲ್ಲಿ ಇದು ಸಣ್ಣ ನಷ್ಟವಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಅನುಭವದ ಮೂಲಕ ಕಲಿಯುವುದಕ್ಕೆ ಒತ್ತು ಕೊಟ್ಟಿರುವುದರಿಂದ, ಬಿಟ್ಟುಹೋದ ಅಧ್ಯಾಯವನ್ನು ಆಟದ ರೂಪದಲ್ಲಿ ಮರಳಿ ತರಲು ಶಿಕ್ಷಕರಿಗೆ ಅವಕಾಶವಂತೂ ಇದೆ.

ಐರೋಲಿ: ಆಟದ ಅಸಲು ರೂಪ

ಈ ಆಟ ಅನುಕರಿಸುವ ಕೆಲಸ ನಿಜವಾಗಿ ನಡೆಯುವ ಜಾಗಗಳಲ್ಲಿ ನವಿ ಮುಂಬಯಿಯ ಐರೋಲಿಯೂ ಒಂದು. ಮಹಾರಾಷ್ಟ್ರದ ರಾಜ್ಯ ಲೋಡ್ ಡಿಸ್ಪ್ಯಾಚ್ ಕೇಂದ್ರ ಇರುವುದು ಇಲ್ಲಿ, ಠಾಣೆ–ಬೇಲಾಪುರ ರಸ್ತೆಯಲ್ಲಿ. ಪಕ್ಕದ ಕಳವಾದ ಹೆಸರಿನಿಂದ ವಿದ್ಯುತ್ ವಲಯದವರು ಇದನ್ನು ಕಳವಾ ಕೇಂದ್ರವೆಂದೇ ಕರೆಯುತ್ತಾರೆ. 2005ರ ಜೂನ್‌ನಲ್ಲಿ ಮಹಾರಾಷ್ಟ್ರ ರಾಜ್ಯ ವಿದ್ಯುತ್ ಮಂಡಳಿ ಒಡೆದು ಉತ್ಪಾದನೆಗೆ ಮಹಾಜೆನ್ಕೊ, ಪ್ರಸರಣಕ್ಕೆ ಮಹಾಟ್ರಾನ್ಸ್ಕೊ, ವಿತರಣೆಗೆ ಮಹಾವಿತರಣ ಎಂಬ ಕಂಪನಿಗಳಾದವು. ಈ ಲೋಡ್ ಡಿಸ್ಪ್ಯಾಚ್ ಕೇಂದ್ರ ಮಹಾಟ್ರಾನ್ಸ್ಕೊದ ಪಾಲಿಗೆ ಬಂತು. ಐರೋಲಿಯ ಮನೆಗಳಿಗೆ ಬಿಲ್ ಬರುವುದು ಮಹಾವಿತರಣದಿಂದ. ಆದರೆ ಆ ಬಿಲ್ಲಿನ ಯೂನಿಟ್ಟುಗಳನ್ನು ಯಾವ ಸ್ಥಾವರದಿಂದ ತರಿಸಬೇಕು ಎಂಬುದು ಹೊತ್ತುಹೊತ್ತಿಗೆ ತೀರ್ಮಾನವಾಗುವುದು ಅದೇ ಊರಿನ ಕಂಟ್ರೋಲ್ ರೂಮಿನಲ್ಲಿ. ಬೇಸಿಗೆಯಲ್ಲಿ ಮಹಾರಾಷ್ಟ್ರದ ಬೇಡಿಕೆ 25,000 ಮೆಗಾವ್ಯಾಟ್ ದಾಟುತ್ತದೆ. ಅಷ್ಟನ್ನೂ ಕ್ಷಣಕ್ಷಣಕ್ಕೆ ಸರಿದೂಗಿಸುವುದು ಇಲ್ಲಿನ ಪಾಳಿಯ ಎಂಜಿನಿಯರುಗಳ ಹೊಣೆ.

ಕೆಲಸದ ನಿಯಮಗಳು ಹೊರಗಿನಿಂದ ನೋಡುವವರಿಗೆ ಆಟದ ನಿಯಮಗಳಂತೆಯೇ ಕಾಣುತ್ತವೆ. ದಿನವನ್ನು 15 ನಿಮಿಷಗಳ 96 ತುಂಡುಗಳಾಗಿ ಭಾಗಿಸಲಾಗಿದೆ. ಪ್ರತಿ ತುಂಡಿಗೂ ಯಾವ ಸ್ಥಾವರ ಎಷ್ಟು ಕೊಡಬೇಕೆಂಬ ವೇಳಾಪಟ್ಟಿ ಹಿಂದಿನ ದಿನವೇ ಸಿದ್ಧವಾಗಿ, ದಿನವಿಡೀ ತಿದ್ದುಪಡಿಯಾಗುತ್ತದೆ. ಸ್ಥಾವರಗಳನ್ನು ಯೂನಿಟ್ ಒಂದರ ಇಂಧನ ಖರ್ಚಿನ ಪ್ರಕಾರ ಕಡಿಮೆಯಿಂದ ಹೆಚ್ಚಿಗೆ ಜೋಡಿಸಿ, ಬೇಡಿಕೆ ತುಂಬುವವರೆಗೆ ಕೆಳಗಿನಿಂದ ಎತ್ತಿಕೊಳ್ಳುತ್ತ ಹೋಗುವುದು. ಇದಕ್ಕೆ ‘ಮೆರಿಟ್ ಆರ್ಡರ್’ ಎಂದು ಹೆಸರು. ಸೌರ, ಪವನ ವಿದ್ಯುತ್ತಿಗೆ ಇಂಧನದ ಖರ್ಚಿಲ್ಲ. ಅವು ಬಂದಷ್ಟನ್ನೂ ತೆಗೆದುಕೊಳ್ಳಬೇಕೆಂಬುದು ನಿಯಮ. ಗ್ರಿಡ್ಡಿನ ಆವರ್ತನ 49.90ರಿಂದ 50.05 ಹರ್ಟ್ಸ್ ಒಳಗೆ ನಿಲ್ಲಬೇಕು. ಉತ್ಪಾದನೆ ಹೆಚ್ಚಾದರೆ ಆವರ್ತನ ಏರುತ್ತದೆ, ಬಳಕೆ ಹೆಚ್ಚಾದರೆ ಇಳಿಯುತ್ತದೆ. 2003ರ ವಿದ್ಯುತ್ ಕಾಯ್ದೆಯ 32ನೇ ಕಲಮು ಈ ಕೇಂದ್ರಗಳಿಗೆ ಕೆಲಸ ಹಂಚಿದರೆ, 33ನೇ ಕಲಮು ಅವುಗಳ ಮಾತನ್ನು ಎಲ್ಲ ಉತ್ಪಾದಕರೂ ವಿತರಕರೂ ಕೇಳಲೇಬೇಕು ಎನ್ನುತ್ತದೆ. ಕರ್ನಾಟಕದ ಇಂಥದೇ ಕೇಂದ್ರ ಬೆಂಗಳೂರಿನಲ್ಲಿದೆ. ಇವೆರಡರ ಮೇಲೆ ಅಂಧೇರಿಯಲ್ಲಿ ಪಶ್ಚಿಮ ವಲಯದ ಕೇಂದ್ರ, ಬೆಂಗಳೂರಿನಲ್ಲಿ ದಕ್ಷಿಣ ವಲಯದ ಕೇಂದ್ರ, ದೆಹಲಿಯಲ್ಲಿ ರಾಷ್ಟ್ರೀಯ ಕೇಂದ್ರ.

ಈ ಪರಿಸರದ ಮಕ್ಕಳಿಗೆ ಪಾಠವೇ ಆಗಬಲ್ಲ ದಿನವೊಂದಿದೆ. 2020ರ ಅಕ್ಟೋಬರ್ 12ರ ಸೋಮವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಪಡಘಾ–ಕಳವಾ ನಡುವಿನ 400 ಕಿಲೋವೋಲ್ಟ್ ಲೈನುಗಳು ಒಂದರ ಹಿಂದೊಂದು ಟ್ರಿಪ್ ಆದವು. ಮುಂಬಯಿ, ಠಾಣೆ, ನವಿ ಮುಂಬಯಿಗಳಲ್ಲಿ ಕರೆಂಟ್ ಹೋಯಿತು. ಲೋಕಲ್ ರೈಲುಗಳು ಹಳಿಯ ಮೇಲೆ ನಿಂತವು. ಕೋವಿಡ್ ಕಾಲದ ಆಸ್ಪತ್ರೆಗಳು ಜನರೇಟರ್ ಮೊರೆಹೋದವು. ರಾಜ್ಯದಲ್ಲಿ ವಿದ್ಯುತ್ತಿನ ಕೊರತೆ ಇರಲಿಲ್ಲ. ಅದನ್ನು ನಗರದೊಳಕ್ಕೆ ತರುವ ದಾರಿ ಇರಲಿಲ್ಲ. ಉತ್ಪಾದನೆಯನ್ನು ಮಾತ್ರ ಎಣಿಸುವ ಆಟಗಳು ಈ ದಿನವನ್ನು ವಿವರಿಸಲಾರವು. ಆದ್ದರಿಂದ ಒಳ್ಳೆಯ ಆಟದಲ್ಲಿ ಸ್ಥಾವರಗಳ ಕಾರ್ಡಿನ ಜೊತೆಗೆ ಲೈನುಗಳ ಕಾರ್ಡೂ ಇರಬೇಕು: ಊರಿಗೆ ಹತ್ತಿರದ ದುಬಾರಿ ಸ್ಥಾವರವೊಂದನ್ನು ನಗರಗಳು ಯಾಕೆ ಉಳಿಸಿಕೊಳ್ಳುತ್ತವೆ ಎಂಬುದು ಆಗ ಮಾತ್ರ ಹೊಳೆಯುತ್ತದೆ. ಮುಂಬಯಿಯ ಮಟ್ಟಿಗೆ ಅಂಥ ಪಾತ್ರ ಟ್ರಾಂಬೆಯ ಸ್ಥಾವರದ್ದು.

ಜಾಗದ ಆಯ್ಕೆಗೆ ಡೊಂಬಿವಲಿ, ಕಲ್ಯಾಣದ ಮಕ್ಕಳಿಗೆ ಇನ್ನೂ ಹಳೆಯ ಉದಾಹರಣೆ ಕೈಯಳತೆಯಲ್ಲಿದೆ. ಮುಂಬಯಿಯಲ್ಲಿ 1925ರಲ್ಲಿ ವಿದ್ಯುತ್ ರೈಲು ಓಡಿದ ಮೇಲೆ ಜಿಐಪಿ ರೈಲ್ವೆ ಘಟ್ಟದ ಮಾರ್ಗಕ್ಕಾಗಿ ತನ್ನದೇ ಉಷ್ಣ ವಿದ್ಯುತ್ ಸ್ಥಾವರವನ್ನು 1929ರಲ್ಲಿ ಠಾಕುರ್ಲಿಯಲ್ಲಿ ಆರಂಭಿಸಿತು. ಚೋಳಾ ಪವರ್ ಹೌಸ್ ಎಂದು ಹೆಸರಾದ ಅದು ಈಗ ನಿಂತುಹೋಗಿದೆ. ಕಲ್ಲಿದ್ದಲು ರೈಲಿನಲ್ಲೇ ಬಂದು, ಅದರ ವಿದ್ಯುತ್ತಿನಿಂದ ರೈಲೇ ಓಡುತ್ತಿತ್ತು. ಅದೇ ಕಾಲದಲ್ಲಿ ಟಾಟಾ ಕಂಪನಿ ಸಹ್ಯಾದ್ರಿಯ ನೀರಿನಿಂದ ಖೋಪೋಲಿ (1915), ಭಿವಪುರಿ (1922), ಭಿರಾ (1927) ಸ್ಥಾವರಗಳನ್ನು ನಡೆಸುತ್ತಿತ್ತು. ನೀರೋ ಕಲ್ಲಿದ್ದಲೋ ಎಂಬ ಪ್ರಶ್ನೆ ಈ ಸೀಮೆಗೆ ನೂರು ವರ್ಷದಷ್ಟು ಹಳೆಯದು.

ಒಂದು ಮಾದರಿ ಆಟ

ಹೈಸ್ಕೂಲಿನ ಎರಡು ಪೀರಿಯಡ್ಡುಗಳಲ್ಲಿ ಮುಗಿಯುವಂಥ ಆಟದ ಲೆಕ್ಕವನ್ನು ಇಲ್ಲಿ ಬಿಡಿಸಿ ತೋರಿಸಿದೆ. ಅಂಕಿಗಳು ಆಟಕ್ಕಾಗಿ ಸರಳಗೊಳಿಸಿದವು. ಅವುಗಳ ನಡುವಿನ ಸಂಬಂಧ ಮಾತ್ರ ನಿಜದ್ದು.

ತಂಡದ ಕೈಯಲ್ಲಿ ಒಂದು ಊರು. ಅಲ್ಲಿನ ಬೇಡಿಕೆ ನಡುರಾತ್ರಿ 600 ಮೆಗಾವ್ಯಾಟ್, ಬೆಳಿಗ್ಗೆ 900, ಮಧ್ಯಾಹ್ನ 950, ಸಂಜೆ 1,000. ದಿನದ 96 ತುಂಡುಗಳ ಬದಲು ನಾಲ್ಕು ನಾಲ್ಕು ಗಂಟೆಗಳ ಸುತ್ತುಗಳು ಸಾಕು. ಸ್ಥಾವರಗಳು ಇವು: 200 ಮೆಗಾವ್ಯಾಟಿನ ಪರಮಾಣು ಸ್ಥಾವರ, ಸದಾ ಒಂದೇ ಮಟ್ಟದಲ್ಲಿ ಓಡಬೇಕು, 500 ಮೆಗಾವ್ಯಾಟಿನ ಕಲ್ಲಿದ್ದಲು ಸ್ಥಾವರ, 275ಕ್ಕಿಂತ ಕೆಳಗೆ ಇಳಿಸುವಂತಿಲ್ಲ, 150 ಮೆಗಾವ್ಯಾಟಿನ ಅನಿಲ ಸ್ಥಾವರ, ಯೂನಿಟ್ಟಿಗೆ 9 ರೂಪಾಯಿ, 250 ಮೆಗಾವ್ಯಾಟಿನ ಜಲವಿದ್ಯುತ್ ಕೇಂದ್ರ, ಆದರೆ ಆ ದಿನಕ್ಕೆ ಅಣೆಕಟ್ಟೆಯಿಂದ ಬಿಟ್ಟಿರುವ ನೀರು 10 ಲಕ್ಷ ಯೂನಿಟ್ಟಿಗಷ್ಟೇ ಸಾಕು, ಜೊತೆಗೆ ಮಧ್ಯಾಹ್ನ 400 ಮೆಗಾವ್ಯಾಟ್, ಬೆಳಿಗ್ಗೆ 50 ಮೆಗಾವ್ಯಾಟ್ ಕೊಡುವ ಸೌರ ಪಾರ್ಕ್. ಕಲ್ಲಿದ್ದಲು ಸ್ಥಾವರದ ಕನಿಷ್ಠ ಮಟ್ಟ ಸಾಮರ್ಥ್ಯದ ಶೇ. 55 ಎಂಬುದು ಕಲ್ಪನೆಯಲ್ಲ. ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ ಕೇಂದ್ರದ ಸ್ಥಾವರಗಳಿಗೆ ಇಟ್ಟ ಮಿತಿಯೇ ಅಷ್ಟು.

ರಾತ್ರಿಯ ಸುತ್ತು ಸುಲಭ: ಪರಮಾಣು 200, ಕಲ್ಲಿದ್ದಲು 400. ಬೆಳಿಗ್ಗೆ ಪರಮಾಣು, ಪೂರ್ತಿ ಕಲ್ಲಿದ್ದಲು, ಎಳೆಬಿಸಿಲು ಸೇರಿ 750 ಆಗಿ 150 ಬಾಕಿ ಉಳಿಯುತ್ತದೆ. ಇಲ್ಲಿ ತಂಡಗಳು ಕವಲೊಡೆಯುತ್ತವೆ. ನೀರಿಗೆ ಇಂಧನದ ಖರ್ಚಿಲ್ಲ, ಅನಿಲಕ್ಕೆ ನಾಲ್ಕು ಗಂಟೆಗೆ 54 ಲಕ್ಷ ರೂಪಾಯಿ. ಮೆರಿಟ್ ಆರ್ಡರನ್ನು ಬಾಯಿಪಾಠ ಮಾಡಿದ ತಂಡ ಕಣ್ಣುಮುಚ್ಚಿ ನೀರು ಬಿಡುತ್ತದೆ. ಮಧ್ಯಾಹ್ನ ಎಲ್ಲರಿಗೂ ನೆಮ್ಮದಿ: ಬಿಸಿಲು 400, ಪರಮಾಣು 200, ಉಳಿದದ್ದು ಕಲ್ಲಿದ್ದಲು. ಸಂಜೆ ಬಿಸಿಲಿಲ್ಲ, ಬೇಡಿಕೆ 1,000. ನೀರನ್ನು ಉಳಿಸಿಕೊಂಡ ತಂಡ ಜಲವಿದ್ಯುತ್ತಿನಿಂದ 250 ಪಡೆದು, ಅನಿಲದಿಂದ 50 ಮಾತ್ರ ತೆಗೆದು ಬೇಡಿಕೆ ಪೂರೈಸುತ್ತದೆ. ಬೆಳಿಗ್ಗೆಯೇ ನೀರು ಖರ್ಚು ಮಾಡಿದವರ ಬಳಿ ಉಳಿದ ನೀರು 100 ಮೆಗಾವ್ಯಾಟಿಗಷ್ಟೇ ಸಾಲುತ್ತದೆ. ಅನಿಲವನ್ನು ಪೂರ್ತಿ ಓಡಿಸಿದರೂ 50 ಮೆಗಾವ್ಯಾಟ್ ಕೊರತೆ. ದಿನದ ಕೊನೆಗೆ ಲೆಕ್ಕ ಹಾಕಿದರೆ ಈ ತಂಡ ಮೊದಲ ತಂಡಕ್ಕಿಂತ 18 ಲಕ್ಷ ರೂಪಾಯಿ ಕಡಿಮೆ ಖರ್ಚು ಮಾಡಿರುತ್ತದೆ, ಮತ್ತು 2 ಲಕ್ಷ ಯೂನಿಟ್ ವಿದ್ಯುತ್ತನ್ನು ಜನರಿಗೆ ಕೊಡದೆ ಇರುತ್ತದೆ.

ಹಣದಲ್ಲಿ ಗೆದ್ದವರು ಇವರೇ. ಆದ್ದರಿಂದ ಗೆಲುವನ್ನು ಯಾವುದರಿಂದ ಅಳೆಯಬೇಕೆಂಬ ಜಗಳ ತರಗತಿಯಲ್ಲಿ ತಾನಾಗಿಯೇ ಏಳುತ್ತದೆ. ಶಿಕ್ಷಕರು ಅದನ್ನು ತಣಿಸುವ ಬದಲು ಮುಂದಿನ ಪ್ರಶ್ನೆ ಕೇಳಬೇಕು. ಆ 50 ಮೆಗಾವ್ಯಾಟ್ ಯಾರ ಪಾಲಿನಿಂದ ಕತ್ತರಿಸಿದಿರಿ? ಮಕ್ಕಳ ಮುಂದೆ ಫೀಡರುಗಳ ಪಟ್ಟಿ ಇಡಬೇಕು: ಒಂದು ಆಸ್ಪತ್ರೆಯದು, ಒಂದು ಎಂಐಡಿಸಿ ಕೈಗಾರಿಕಾ ಪ್ರದೇಶದ್ದು, ಒಂದು ಸೊಸೈಟಿಗಳದು, ಒಂದು ಝೋಪಡಪಟ್ಟಿಯದು, ಒಂದು ಪಂಪ್‌ಸೆಟ್ಟುಗಳದು. ಮಹಾವಿತರಣ ಇದಕ್ಕೆ ಕಂಡುಕೊಂಡಿದ್ದ ಉತ್ತರವನ್ನೂ ಆಮೇಲೆ ಹೇಳಬಹುದು. ಲೋಡ್ ಶೆಡ್ಡಿಂಗಿನ ವರ್ಷಗಳಲ್ಲಿ ಅದು ವಿದ್ಯುತ್ ನಷ್ಟ ಮತ್ತು ಬಿಲ್ ವಸೂಲಿಯ ಆಧಾರದ ಮೇಲೆ ಪ್ರದೇಶಗಳನ್ನು ‘ಎ’ಯಿಂದ ‘ಜಿ’ವರೆಗೆ ಗುಂಪು ಮಾಡಿ, ವಸೂಲಿ ಚೆನ್ನಾಗಿರುವಲ್ಲಿ ಕಡಿತ ಕಡಿಮೆ, ಕೆಟ್ಟಿರುವಲ್ಲಿ ಹೆಚ್ಚು ಮಾಡಿತು. ಬಿಲ್ ಕಟ್ಟುವ ಮನೆಯೊಂದು ‘ಜಿ’ ಗುಂಪಿನ ಪ್ರದೇಶದಲ್ಲಿದ್ದರೆ ಅದರ ತಪ್ಪೇನು ಎಂಬುದು ಮಕ್ಕಳು ಕೂಡಲೇ ಎತ್ತುವ ಆಕ್ಷೇಪ. ಕರ್ನಾಟಕದಿಂದ ಬಂದ ಕುಟುಂಬಗಳ ಮಕ್ಕಳಿಗೆ ಊರಿನ ತೋಟದಲ್ಲಿ ತ್ರೀ ಫೇಸ್ ಕರೆಂಟಿಗಾಗಿ ರಾತ್ರಿ ಕಾಯುವ ಅಜ್ಜನ ಕಥೆ ಇದೇ ಹೊತ್ತಿಗೆ ನೆನಪಾದರೆ ಆಶ್ಚರ್ಯವಿಲ್ಲ.

ಎರಡನೆಯ ಪೀರಿಯಡ್ಡಿನಲ್ಲಿ ಸೌರ ಪಾರ್ಕನ್ನು 600 ಮೆಗಾವ್ಯಾಟಿಗೆ ಹಿಗ್ಗಿಸಬೇಕು. ಈಗ ಮಧ್ಯಾಹ್ನ ಬಿಸಿಲು 600, ಪರಮಾಣು 200, ಇಳಿಸಲಾಗದ ಕಲ್ಲಿದ್ದಲು 275: ಒಟ್ಟು 1,075, ಬೇಡಿಕೆ 950. ಮಿಕ್ಕ 125 ಮೆಗಾವ್ಯಾಟನ್ನು ಏನು ಮಾಡುವುದು? ಕಲ್ಲಿದ್ದಲು ನಿಲ್ಲಿಸಿದರೆ ಸಂಜೆಯೊಳಗೆ ಅದನ್ನು ಮತ್ತೆ ಕಾಯಿಸಿ ಎಬ್ಬಿಸಲಾಗದು. ಹೆಚ್ಚಿನ ತಂಡಗಳಿಗೆ ಸುಲಭವಾಗಿ ಕಾಣುವ ದಾರಿ ಬಿಸಿಲಿನ ವಿದ್ಯುತ್ತನ್ನೇ ಬೇಡವೆನ್ನುವುದು, ಹೊಗೆಯಿಲ್ಲದ್ದನ್ನು ಚೆಲ್ಲಿ ಹೊಗೆಯಿರುವುದನ್ನು ಉಳಿಸಿಕೊಳ್ಳುವುದು. ಆಗ ಪಂಪ್ಡ್ ಸ್ಟೋರೇಜ್ ಕಾರ್ಡು ಕೊಡಬೇಕು. ಮಧ್ಯಾಹ್ನ ಮಿಕ್ಕ ವಿದ್ಯುತ್ತಿನಿಂದ ಕೆಳಗಿನ ನೀರನ್ನು ಮೇಲಿನ ಕೆರೆಗೆ ಎತ್ತಿ, ಸಂಜೆ ಬಿಟ್ಟರೆ ನೂರಕ್ಕೆ ಎಂಬತ್ತರಷ್ಟು ಮರಳಿ ಸಿಗುತ್ತದೆ ಎಂದಿಟ್ಟುಕೊಂಡರೆ, ನಾಲ್ಕು ಗಂಟೆಯ 5 ಲಕ್ಷ ಯೂನಿಟ್ ಸಂಜೆಗೆ 4 ಲಕ್ಷವಾಗುತ್ತದೆ. ಅಂದರೆ 100 ಮೆಗಾವ್ಯಾಟ್. ಮೊದಲ ಪೀರಿಯಡ್ಡಿನ ಕೊರತೆ ಮುಚ್ಚಿಹೋಗಿ ಅನಿಲವೂ ಉಳಿಯುತ್ತದೆ. ಮಹಾರಾಷ್ಟ್ರದಲ್ಲಿ ಭಿರಾದ 150 ಮೆಗಾವ್ಯಾಟ್ ಘಟಕವೂ ಸಹ್ಯಾದ್ರಿಯ ಅಂಚಿನ ಘಾಟ್‌ಘರಿನ 250 ಮೆಗಾವ್ಯಾಟ್ ಕೇಂದ್ರವೂ ಇದೇ ತತ್ತ್ವದ ಮೇಲೆ ನಡೆಯುತ್ತವೆ.

ಆವರ್ತನದ ಪಾಠಕ್ಕೆ ಬೇರೆ ಉಪಕರಣ ಬೇಡ, 2020ರ ಏಪ್ರಿಲ್ 5ರ ರಾತ್ರಿಯೇ ಸಾಕು. ಲಾಕ್‌ಡೌನ್ ಕಾಲದಲ್ಲಿ ಪ್ರಧಾನಿಯ ಕರೆಯಂತೆ ದೇಶ ಒಂಬತ್ತು ಗಂಟೆಗೆ ಒಂಬತ್ತು ನಿಮಿಷ ದೀಪ ಆರಿಸಿದಾಗ ಬೇಡಿಕೆ ಸುಮಾರು 31,000 ಮೆಗಾವ್ಯಾಟ್ ಕುಸಿದು, ಮತ್ತೆ ಏರಿತು. ಕಲ್ಲಿದ್ದಲಿನ ಘಟಕಗಳು ಈ ಓಟಕ್ಕೆ ಒಗ್ಗುವುದಿಲ್ಲ. ಗ್ರಿಡ್ಡನ್ನು ಹಿಡಿದು ನಿಲ್ಲಿಸಿದ್ದು ಮುಖ್ಯವಾಗಿ ಜಲವಿದ್ಯುತ್ ಕೇಂದ್ರಗಳು. ಮೊದಲೇ ನೀರು ಉಳಿಸಿಕೊಂಡು ಕಾದಿದ್ದವು. ಶಿಕ್ಷಕರು ಕಪ್ಪುಹಲಗೆಯ ಮೇಲೆ 50ರ ಗೆರೆ ಎಳೆದು, ಮಕ್ಕಳನ್ನು ‘ಮನೆ’ಗಳು ಮತ್ತು ‘ಸ್ಥಾವರ’ಗಳಾಗಿ ನಿಲ್ಲಿಸಿ, ಮನೆಗಳನ್ನು ಒಮ್ಮೆಲೇ ಕೂರಿಸಿ ಎಬ್ಬಿಸಿದರೆ ಆ ರಾತ್ರಿಯ ಪ್ರಯಾಸ ಐದು ನಿಮಿಷದಲ್ಲಿ ಅರಿವಾಗುತ್ತದೆ.

ನೀರು ಯಾವ ಕಡೆ ಹರಿಯಬೇಕು

ಈ ವಿಷಯದ ಬಹುತೇಕ ಆಟಗಳು ಹಣ ಮತ್ತು ಇಂಗಾಲ ಎಂಬ ಎರಡು ಅಂಕಣಗಳಲ್ಲಿ ಮುಗಿದುಬಿಡುತ್ತವೆ. ಅವುಗಳ ದೊಡ್ಡ ಕೊರತೆ ಇದು. ಪ್ರತಿ ಸ್ಥಾವರದ ಹಿಂದೆ ಒಂದು ಊರು, ಒಂದು ನದಿ ಅಥವಾ ಒಂದು ಕಾಡು ಇದೆ ಎಂಬುದನ್ನು ಆಟದಲ್ಲಿ ತರದಿದ್ದರೆ ವಿದ್ಯಾರ್ಥಿಗೆ ಸಿಗುವುದು ಅರ್ಧ ತಿಳಿವಳಿಕೆ. ಠಾಣೆ, ಕಲ್ಯಾಣ, ನವಿ ಮುಂಬಯಿಯ ಕನ್ನಡಿಗರಿಗಂತೂ ಈ ಉಳಿದರ್ಧ ಸ್ವಂತದ ವಿಷಯ.

ಮೇಲಿನ ಲೆಕ್ಕದಲ್ಲಿ ‘ಖರ್ಚಿಲ್ಲದ’ ಜಲವಿದ್ಯುತ್ತನ್ನೇ ನೋಡಿ. ಮಹಾರಾಷ್ಟ್ರದ ಅತಿ ದೊಡ್ಡ ಜಲವಿದ್ಯುತ್ ಯೋಜನೆ ಸಾತಾರಾ ಜಿಲ್ಲೆಯ ಕೊಯ್ನಾ, 1,960 ಮೆಗಾವ್ಯಾಟ್. ಕೊಯ್ನಾ ಕೃಷ್ಣೆಯ ಉಪನದಿ. ತನ್ನ ಪಾಡಿಗೆ ಬಿಟ್ಟರೆ ಅದರ ನೀರು ಪೂರ್ವಕ್ಕೆ ಹರಿದು ಕೃಷ್ಣೆಯ ಮೂಲಕ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಗೆ, ಆಲಮಟ್ಟಿಗೆ ಬರುತ್ತದೆ. ವಿದ್ಯುತ್ತಿಗಾಗಿ ಅದನ್ನು ಸುರಂಗದಿಂದ ಪಶ್ಚಿಮಕ್ಕೆ ತಿರುಗಿಸಿ, ಘಟ್ಟದ ಕಡಿದಾದ ಇಳಿಜಾರಿನಲ್ಲಿ ಕೊಂಕಣಕ್ಕೆ ಬೀಳಿಸಲಾಗುತ್ತದೆ. ಬಿದ್ದ ನೀರು ಕೊನೆಗೆ ಅರಬ್ಬೀ ಸಮುದ್ರ ಸೇರುತ್ತದೆ. ಬಚಾವತ್ ನೇತೃತ್ವದ ಕೃಷ್ಣಾ ಜಲವಿವಾದ ನ್ಯಾಯಾಧಿಕರಣ ಹೀಗೆ ತಿರುಗಿಸಲು ವರ್ಷಕ್ಕೆ 67.5 ಟಿಎಂಸಿಯ ಮಿತಿ ಹಾಕಿತು. ಖೋಪೋಲಿ, ಭಿವಪುರಿ, ಭಿರಾಗಳಿಗೆ ನೀರು ಕೊಡುವ ಟಾಟಾ ಕೆರೆಗಳೂ ಭೀಮೆಯ ಮೇಲ್ಭಾಗದ ಕೊಳ್ಳದಿಂದ ನೀರನ್ನು ಪಶ್ಚಿಮಕ್ಕೆ ಹೊರಳಿಸುತ್ತವೆ; ಅದೇ ಭೀಮೆ ಕೆಳಗೆ ವಿಜಯಪುರ, ಕಲಬುರಗಿಯ ಹೊಲಗಳ ನದಿ. ಬರದ ವರ್ಷಗಳಲ್ಲಿ ಆ ಜಿಲ್ಲೆಗಳಿಂದ ಮುಂಬಯಿ ಸೀಮೆಗೆ ದುಡಿಯಲು ಗುಳೆ ಬರುವ ಕುಟುಂಬಗಳು ಉಳಿಯುವ ಊರುಗಳಲ್ಲಿ ದೀಪ ಉರಿಯುವುದರಲ್ಲಿ ಅವರ ನದಿಯ ಪಾಲೂ ಇದೆ.

ಘಟ್ಟದ ಪಶ್ಚಿಮಕ್ಕೆ ಬೀಳುವ ನೀರು ಹೆಚ್ಚು ಎತ್ತರದಿಂದ ಬೀಳುತ್ತದೆ; ಅದರ ಪ್ರತಿ ಟಿಎಂಸಿಗೆ ಸಿಗುವ ವಿದ್ಯುತ್ತು ಪೂರ್ವದ ಸಣ್ಣ ಇಳಿಜಾರಿನಲ್ಲಿ ಸಿಗುವುದಕ್ಕಿಂತ ಎಷ್ಟೋ ಹೆಚ್ಚು. ಪೂರ್ವಕ್ಕೆ ಬಿಟ್ಟರೆ ಅದೇ ನೀರು ಹೊಲಕ್ಕೂ ಕುಡಿಯಲಿಕ್ಕೂ ಆಗುತ್ತದೆ. ಎರಡೂ ವಾದಗಳು ನಿಜ. ಆದ್ದರಿಂದ ಆಟದಲ್ಲಿ ಜಲವಿದ್ಯುತ್ ಕಾರ್ಡಿಗೆ ಎರಡು ಮುಖ ಮಾಡಿ, ಒಂದು ಕಡೆ ‘ಪಶ್ಚಿಮಕ್ಕೆ: ಇಷ್ಟು ಯೂನಿಟ್’, ಇನ್ನೊಂದು ಕಡೆ ‘ಪೂರ್ವಕ್ಕೆ: ಇಷ್ಟು ಎಕರೆ’ ಎಂದು ಬರೆದು, ಒಂದು ತಂಡವನ್ನು ನದಿಯ ಕೆಳದಂಡೆಯ ರೈತರನ್ನಾಗಿ ಕೂರಿಸುವುದು ಅತ್ಯಗತ್ಯ. ಆ ತಂಡಕ್ಕೆ ಸ್ಥಾವರ ಇಲ್ಲ, ಹಣವೂ ಇಲ್ಲ, ಮಾತು ಮಾತ್ರ ಇದೆ. ಸ್ಥಾವರಗಳಿರುವ ತಂಡಗಳು ಅವರ ಮಾತನ್ನು ಎಷ್ಟು ಬೇಗ ಮರೆಯುತ್ತವೆ ಎಂಬುದು ಆಟದ ನಂತರದ ಚರ್ಚೆಗೆ ಒಳ್ಳೆಯ ವಸ್ತು.

ಮುಳುಗಿದವರ ಕಾರ್ಡು ಇನ್ನೊಂದು. ಟಾಟಾ ಕಂಪನಿಯ ಮುಳಶಿ ಅಣೆಕಟ್ಟಿನ ವಿರುದ್ಧ ಮಾವಳ ಸೀಮೆಯ ರೈತರು 1921ರಿಂದ 1924ರವರೆಗೆ ಸತ್ಯಾಗ್ರಹ ಮಾಡಿದರು. ಅದರ ನಾಯಕ ಪಾಂಡುರಂಗ ಮಹಾದೇವ ಬಾಪಟ್. ‘ಸೇನಾಪತಿ’ ಎಂಬ ಬಿರುದು ಅವರಿಗೆ ಅಂಟಿಕೊಂಡದ್ದು ಆ ಹೋರಾಟದಿಂದ. ಅಣೆಕಟ್ಟು ನಿಲ್ಲಲಿಲ್ಲ. ಕರ್ನಾಟಕದಲ್ಲಿ 1964ರ ಲಿಂಗನಮಕ್ಕಿ ಜಲಾಶಯದಿಂದ ಶರಾವತಿ ಯೋಜನೆಗೆ 1,035 ಮೆಗಾವ್ಯಾಟ್ ಸಾಮರ್ಥ್ಯ ಬಂತು. ಅದಕ್ಕಾಗಿ ಮನೆ ಹೊಲ ಬಿಟ್ಟ ಶರಾವತಿ ಮುಳುಗಡೆ ಸಂತ್ರಸ್ತರಲ್ಲಿ ಅನೇಕರು ಆರು ದಶಕದ ಮೇಲೂ ಹಕ್ಕುಪತ್ರಕ್ಕಾಗಿ ಅಲೆದಿದ್ದಾರೆ. ಅದೇ ಕಣಿವೆಯಲ್ಲಿ ಈಗ 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾವವಿದೆ. ಸಿಂಗಳೀಕಗಳ ಕಾಡಿಗೆ ಧಕ್ಕೆಯಾಗುತ್ತದೆಂಬ ವಿರೋಧವೂ ಇದೆ. ಮಾದರಿ ಆಟದ ಎರಡನೆಯ ಪೀರಿಯಡ್ಡಿನಲ್ಲಿ ಎಲ್ಲ ಕಷ್ಟವನ್ನೂ ಬಿಡಿಸಿದ ಕಾರ್ಡಿನ ಹಿಂಬದಿಯಲ್ಲಿ ಈ ಕಾಡನ್ನು ಬರೆಯದೆ ಬಿಡುವುದು ಮಕ್ಕಳಿಗೆ ಮೋಸ ಮಾಡಿದಂತೆ.

ಸೌರ, ಪರಮಾಣು ಕಾರ್ಡುಗಳಿಗೂ ಹಿಂಬದಿಗಳಿವೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವ್ಯಾಟಿನ ಸೌರ ಪಾರ್ಕು ಸುಮಾರು 13,000 ಎಕರೆಯಲ್ಲಿ ಹರಡಿದೆ. ಜಮೀನನ್ನು ಕೊಂಡುಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗಿ ಏರುತ್ತ ಹೋಗುವ ಗುತ್ತಿಗೆಯ ಮೇಲೆ ಪಡೆದದ್ದು ಭೂಮಾಲೀಕ ರೈತರಿಗೆ ಅನುಕೂಲವಾಯಿತು. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ, ಕುರಿ ಮೇಯಿಸುತ್ತಿದ್ದ ಭೂಮಿಯಿಲ್ಲದವರಿಗೆ ಗುತ್ತಿಗೆಯ ಹಣ ಸಿಗುವುದಿಲ್ಲ. ಉತ್ತರ ಕನ್ನಡದ ಕೈಗಾದಲ್ಲಿ 220 ಮೆಗಾವ್ಯಾಟಿನ ನಾಲ್ಕು ಪರಮಾಣು ಘಟಕಗಳಿವೆ; ಮೊದಲ ಘಟಕ 2018ರ ಡಿಸೆಂಬರ್ ಕೊನೆಯವರೆಗೆ 962 ದಿನ ನಿಲ್ಲದೆ ಓಡಿ ವಿಶ್ವದಾಖಲೆ ಮಾಡಿತು. ಅದೇ ಯೋಜನೆಯನ್ನು ಶಿವರಾಮ ಕಾರಂತರು ಎಷ್ಟು ತೀವ್ರವಾಗಿ ವಿರೋಧಿಸಿದರೆಂದರೆ 1989ರ ಲೋಕಸಭಾ ಚುನಾವಣೆಗೇ ನಿಂತರು. ದಾಖಲೆಯೂ ವಿರೋಧವೂ ಒಂದೇ ಕಾರ್ಡಿನ ಮೇಲೆ ಇರಬೇಕು.

ಎರಡು ರಾಜ್ಯಗಳ ಗ್ರಿಡ್ಡುಗಳು ಬೆಸೆದ ಕಥೆ ಇಲ್ಲಿಗೆ ಚೆನ್ನಾಗಿ ಹೊಂದುತ್ತದೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ನಡುವಿನ 765 ಕಿಲೋವೋಲ್ಟ್ ಲೈನು ಚಾಲನೆಗೊಂಡು, ಅಲ್ಲಿಯವರೆಗೆ ಪ್ರತ್ಯೇಕವಾಗಿದ್ದ ದಕ್ಷಿಣದ ಗ್ರಿಡ್ಡು ಉಳಿದ ದೇಶದೊಂದಿಗೆ ಒಂದೇ ಆವರ್ತನಕ್ಕೆ ಸೇರಿತು. ತರಗತಿಯಲ್ಲಿ ಎರಡು ತಂಡಗಳ ನಡುವೆ ಒಂದು ಲೈನು ಎಳೆದು ವ್ಯಾಪಾರಕ್ಕೆ ಬಿಟ್ಟರೆ, ಒಬ್ಬರ ಮಧ್ಯಾಹ್ನದ ಮಿಗತೆ ಇನ್ನೊಬ್ಬರ ಕೊರತೆ ತುಂಬುವುದನ್ನೂ, ಒಬ್ಬರ ಎಡವಟ್ಟು ಇಬ್ಬರನ್ನೂ ಕತ್ತಲೆಗೆ ತಳ್ಳಬಲ್ಲದೆಂಬುದನ್ನೂ ಮಕ್ಕಳು ನೋಡುತ್ತಾರೆ. ಎರಡನೆಯದಕ್ಕೆ 2012ರ ಜುಲೈ 30, 31ರ ಕತ್ತಲೆ ಸಾಕ್ಷಿ: ಮೊದಲ ದಿನ ಉತ್ತರ ವಲಯ, ಮರುದಿನ ಉತ್ತರ, ಪೂರ್ವ, ಈಶಾನ್ಯ ವಲಯಗಳು ಒಟ್ಟಿಗೆ ಕುಸಿದು 60 ಕೋಟಿಗೂ ಹೆಚ್ಚು ಜನರಿರುವ ರಾಜ್ಯಗಳಲ್ಲಿ ವಿದ್ಯುತ್ ನಿಂತಿತು, ಆಗ ಪ್ರತ್ಯೇಕವಾಗಿದ್ದ ದಕ್ಷಿಣ ಅಲುಗಲಿಲ್ಲ.

ಬೇರೆಡೆಯ ಆಟಗಳು

ತೀರ್ಮಾನ ಕೈಗೊಳ್ಳುವುದನ್ನು ಆಟದ ಮೂಲಕ ಕಲಿಸುವ ಪದ್ಧತಿ ವ್ಯಾಪಾರ ಶಾಲೆಗಳಲ್ಲಿ ಹಳೆಯದು. ಸರಬರಾಜಿನ ಏರುಪೇರನ್ನು ತೋರಿಸುವ ಎಂಐಟಿಯ ‘ಬಿಯರ್ ಗೇಮ್’ 1960ರ ದಶಕದ್ದು. ಬಕ್‌ಮಿನ್‌ಸ್ಟರ್ ಫುಲ್ಲರ್ 1961ರಲ್ಲಿ ಮುಂದಿಟ್ಟ ‘ವರ್ಲ್ಡ್ ಗೇಮ್’ ಜಗತ್ತಿನ ಸಂಪನ್ಮೂಲಗಳನ್ನು ಎಲ್ಲರಿಗೂ ಸಾಲುವಂತೆ ಹಂಚುವ ಆಟ. ದೇಶಗಳ ಗ್ರಿಡ್ಡುಗಳನ್ನು ಬೆಸೆಯುವ ಕನಸು ಅದರ ಭಾಗವಾಗಿತ್ತು. ವಿಲ್ ರೈಟ್ ರೂಪಿಸಿದ ‘ಸಿಮ್‌ಸಿಟಿ’ (1989) ಕಂಪ್ಯೂಟರಿನ ಮುಂದೆ ಕೂತ ಮಕ್ಕಳಿಗೆ ಕಲ್ಲಿದ್ದಲು ಸ್ಥಾವರವೋ ಪರಮಾಣು ಸ್ಥಾವರವೋ ಎಂಬ ಆಯ್ಕೆ ಕೊಟ್ಟಿತು. 2013ರಲ್ಲಿ ಅದರ ಶಾಲಾ ಆವೃತ್ತಿ ಮಾಲಿನ್ಯ ಮತ್ತು ಉದ್ಯೋಗಗಳ ನಡುವಿನ ಎಳೆದಾಟವನ್ನೇ ಪಾಠವಾಗಿಸಿತು.

ಜರ್ಮನಿಯ ಫ್ರೀಡೆಮಾನ್ ಫ್ರೀಸೆ ರಚಿಸಿದ ಬೋರ್ಡ್ ಆಟ ‘ಪವರ್ ಗ್ರಿಡ್’ (2004) ವಿದ್ಯುತ್ ವಿಷಯದ ಆಟಗಳಲ್ಲಿ ಹೆಸರಾಂತದ್ದು. ಆಟಗಾರರು ಸ್ಥಾವರಗಳನ್ನು ಹರಾಜಿನಲ್ಲಿ ಕೂಗಿ, ಇಂಧನ ಕೊಂಡು, ಊರುಗಳಿಗೆ ಲೈನು ಎಳೆಯುತ್ತಾರೆ. ಇಂಧನ ಕೊಳ್ಳುವವರು ಹೆಚ್ಚಾದಂತೆ ಅದರ ಬೆಲೆ ಏರುತ್ತದೆ. 2013ರಲ್ಲಿ ಭಾರತ ಉಪಖಂಡದ ನಕಾಶೆಯೂ ಅದಕ್ಕೆ ಸೇರಿತು. ಇದರಲ್ಲಿ ರಾತ್ರಿ, ಸಂಜೆ ಎಂಬ ಭೇದವಿಲ್ಲ. ಹಾಗಾಗಿ ಬಿಸಿಲು ಗಾಳಿಗಳ ನಿಜ ಸ್ವಭಾವ ಇದರಿಂದ ತಿಳಿಯದು.

ಕಾಲೇಜು ಮಟ್ಟದಲ್ಲಿ ಗಟ್ಟಿಯಾದದ್ದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಸೆವೆರಿನ್ ಬೊರೆನ್‌ಸ್ಟೀನ್ ಮತ್ತು ಜೇಮ್ಸ್ ಬುಶ್ನೆಲ್ ಕಟ್ಟಿದ ‘ಎಲೆಕ್ಟ್ರಿಸಿಟಿ ಸ್ಟ್ರಾಟಜಿ ಗೇಮ್’. ತಂಡಗಳು ಮೊದಲು ಸ್ಥಾವರಗಳ ಗುಚ್ಛಗಳನ್ನು ಹರಾಜಿನಲ್ಲಿ ಕೊಂಡು, ಆಮೇಲೆ ದಿನದಿನದ ಮಾರುಕಟ್ಟೆಯಲ್ಲಿ ಬೆಲೆ ಕೂಗುತ್ತವೆ. ಕೊನೆಗೆ ಬೇಕಾದ ಸ್ಥಾವರ ಕೂಗಿದ ಬೆಲೆಯೇ ಎಲ್ಲರಿಗೂ ಸಿಗುವುದರಿಂದ, ಕೊಡಬಲ್ಲ ವಿದ್ಯುತ್ತನ್ನು ತಡೆಹಿಡಿದು ಬೆಲೆ ಏರಿಸುವ ಉಪಾಯ ವಿದ್ಯಾರ್ಥಿಗಳಿಗೆ ಯಾರೂ ಹೇಳಿಕೊಡದೆಯೇ ಹೊಳೆಯುತ್ತದೆ. ಅದೇ ಉಪಾಯ 2000–01ರಲ್ಲಿ ಕ್ಯಾಲಿಫೋರ್ನಿಯಾವನ್ನು ಕತ್ತಲೆಗೆ ತಳ್ಳಿದ ಕಾರಣಗಳಲ್ಲಿ ಒಂದು. ಭಾರತದಲ್ಲಿ 2008ರಿಂದ ವಿದ್ಯುತ್ ವಿನಿಮಯ ಕೇಂದ್ರಗಳಿದ್ದು, 2022ರಿಂದ ಬೆಲೆಗೆ ಗರಿಷ್ಠ ಮಿತಿಯನ್ನೂ ಹಾಕಿರುವುದರಿಂದ ಈ ಪಾಠ ನಮಗೂ ಹತ್ತಿರದ್ದೇ.

ಬ್ರಿಟನ್ನಿನಲ್ಲಿ ಭೌತವಿಜ್ಞಾನಿ ಡೇವಿಡ್ ಮೆಕೇ ಅವರ ಆಸಕ್ತಿಯಿಂದ 2010ರಲ್ಲಿ ಬಂದ ‘2050 ಕ್ಯಾಲ್ಕುಲೇಟರ್’ ಮಾದರಿಯನ್ನು ಅನುಸರಿಸಿ ಭಾರತದ ಯೋಜನಾ ಆಯೋಗ 2014ರಲ್ಲಿ ‘ಐಇಎಸ್‌ಎಸ್ 2047’ ಎಂಬ ಲೆಕ್ಕಾಚಾರದ ಸಾಧನ ಹೊರತಂದಿತು. ಮುಂದೆ ನೀತಿ ಆಯೋಗ ಅದನ್ನು ಪರಿಷ್ಕರಿಸಿತು. ಎಂಐಟಿ ಮತ್ತು ಕ್ಲೈಮೇಟ್ ಇಂಟರಾಕ್ಟಿವ್ ಸೇರಿ ಮಾಡಿದ ‘ಎನ್-ರೋಡ್ಸ್’ ಜಾಗತಿಕ ತಾಪಮಾನದ ಮೇಲೆ ಇಂಥ ಆಯ್ಕೆಗಳ ಪರಿಣಾಮ ತೋರಿಸುತ್ತದೆ. ಅದರ ಜೊತೆಗೆ ಪಾತ್ರ ವಹಿಸಿ ಆಡುವ ವಿಧಾನವೂ ಇದೆ. ಇವು ದಶಕಗಳ ನೋಟಕ್ಕೆ ಸರಿ. ಸಂಜೆ ಏಳು ಗಂಟೆಯ ಕಷ್ಟ ಇವುಗಳಲ್ಲಿ ಕಾಣಿಸದು.

ಕಂಪನಿಗಳು ಮಾಡಿಸಿದ ಆಟಗಳೂ ಬಂದಿವೆ: ತೈಲ ಕಂಪನಿ ಶೆವ್ರಾನಿನ ‘ಎನರ್ಜಿವಿಲ್’, ನ್ಯೂಜಿಲೆಂಡಿನ ವಿದ್ಯುತ್ ಕಂಪನಿ ಜೆನೆಸಿಸ್ ಎನರ್ಜಿಯ ‘ಎಲೆಕ್ಟ್ರೊಸಿಟಿ’, ಎರಡೂ 2007ರವು. ಇಂಥವನ್ನು ಬಳಸಬಾರದೆಂದಿಲ್ಲ. ಆದರೆ ಪ್ರತಿ ಆಕರಕ್ಕೂ ಆಟದೊಳಗೆ ಕೊಟ್ಟ ಬೆಲೆ, ಮಾಲಿನ್ಯದ ಅಂಕ ಯಾರು ಇಟ್ಟದ್ದು ಎಂದು ವಿದ್ಯಾರ್ಥಿಗಳಿಂದ ಹುಡುಕಿಸುವುದು ಪಾಠದ ಭಾಗವಾಗಬೇಕು. ಆಟದಲ್ಲಿ ಗೆಲ್ಲುವ ದಾರಿ ನಿಯಮ ಬರೆದವರ ಊಹೆಗಳಲ್ಲೇ ಅಡಗಿರುತ್ತದೆ.

ಅಂಕಿಗಳ ಆಯುಸ್ಸು

ಈ ಆಟಗಳಲ್ಲಿ ಬಹು ಬೇಗ ಹಳತಾಗುವುದು ಬೆಲೆಗಳು. ರಾಷ್ಟ್ರೀಯ ಸೌರ ಮಿಷನ್ನಿನ ಮೊದಲ ಹರಾಜಿನಲ್ಲಿ, 2010ರಲ್ಲಿ, ಅತಿ ಕಡಿಮೆ ಕೂಗು ಯೂನಿಟ್ಟಿಗೆ 10.95 ರೂಪಾಯಿ. 2017ರಲ್ಲಿ ರಾಜಸ್ಥಾನದ ಭಡ್ಲಾದಲ್ಲಿ 2.44ಕ್ಕೆ, 2020ರ ಡಿಸೆಂಬರಿನಲ್ಲಿ ಗುಜರಾತಿನಲ್ಲಿ 1.99ಕ್ಕೆ ಇಳಿಯಿತು. ಮೊದಲ ಬೆಲೆಯಿಟ್ಟು ಆಡಿದ ತರಗತಿ ಸೌರವನ್ನು ಶ್ರೀಮಂತರ ಹವ್ಯಾಸವೆಂದು ತೀರ್ಮಾನಿಸುತ್ತದೆ. ಕೊನೆಯ ಬೆಲೆಯಿಟ್ಟು ಆಡಿದ ತರಗತಿಗೆ ಅದಕ್ಕಿಂತ ಅಗ್ಗದ್ದೇ ಇಲ್ಲ. ಒಂದೇ ಮಧ್ಯಾಹ್ನ ಎರಡೂ ಬೆಲೆಗಳಲ್ಲಿ ಆಡಿಸಿದರೆ ಆಯ್ಕೆಗೂ ಕಾಲಕ್ಕೂ ಇರುವ ನಂಟು ತಿಳಿಯುತ್ತದೆ. ಹೊಗೆಯ ಅಂಕಿಗಳು ಇಷ್ಟು ಬದಲಾಗುವುದಿಲ್ಲ: ಕಲ್ಲಿದ್ದಲಿನ ಯೂನಿಟ್ಟಿಗೆ ಸುಮಾರು 1 ಕಿಲೋ ಇಂಗಾಲದ ಡೈಆಕ್ಸೈಡ್, ಅನಿಲಕ್ಕೆ ಅದರ ಅರ್ಧದಷ್ಟು ಎಂಬುದು ಶಾಲೆಯ ಲೆಕ್ಕಕ್ಕೆ ಸಾಕು.

ನಿಜದ ಅಂಕಿಗಳು ಸಿಗುವುದು ಈಗ ಕಷ್ಟವಲ್ಲ. ಕೇಂದ್ರ ಸರ್ಕಾರ 2017ರ ಜೂನ್‌ನಲ್ಲಿ ಆರಂಭಿಸಿದ ‘ಮೆರಿಟ್’ ಜಾಲತಾಣದಲ್ಲಿ ಪ್ರತಿ ರಾಜ್ಯ ಯಾವ ಸ್ಥಾವರದಿಂದ ಯಾವ ದರದಲ್ಲಿ ವಿದ್ಯುತ್ ಪಡೆಯುತ್ತಿದೆ ಎಂಬುದು ಸಿಗುತ್ತದೆ. ಐರೋಲಿಯ ಕೇಂದ್ರವೂ ಬೆಂಗಳೂರಿನ ಕೇಂದ್ರವೂ ತಮ್ಮ ರಾಜ್ಯದ ಬೇಡಿಕೆ, ಉತ್ಪಾದನೆಗಳನ್ನು ಪ್ರಕಟಿಸುತ್ತವೆ. ಶಿಕ್ಷಕರು ಜನವರಿಯ ಒಂದು ದಿನ, ಏಪ್ರಿಲಿನ ಒಂದು ದಿನ, ಜುಲೈಯ ಒಂದು ದಿನದ ಅಂಕಿಗಳನ್ನು ಇಳಿಸಿಕೊಂಡು ಮೂರು ಬೇಡಿಕೆ ರೇಖೆಗಳನ್ನು ಬರೆಸಿದರೆ, ಪಂಪ್‌ಸೆಟ್ಟಿನ ಕಾಲ, ಸೆಕೆಯ ಕಾಲ, ಸಹ್ಯಾದ್ರಿಯ ಗಾಳಿಮಳೆಯ ಕಾಲ ಎಂಬ ಮೂರು ಬೇರೆ ಆಟಗಳು ಸಿದ್ಧವಾಗುತ್ತವೆ. ಗಾಳಿಯಂತ್ರಗಳು ಜೂನ್‌ನಿಂದ ಸೆಪ್ಟೆಂಬರಿನವರೆಗೆ ಭರಪೂರ ತಿರುಗಿ, ಏಪ್ರಿಲಿನ ಸಂಜೆಗೆ ಅಷ್ಟಾಗಿ ಒದಗದಿರುವುದು ಆ ರೇಖೆಗಳನ್ನು ಅಕ್ಕಪಕ್ಕ ಇಟ್ಟಾಗ ಏಳನೇ ತರಗತಿಯ ಮಗುವಿಗೂ ಕಾಣುತ್ತದೆ.